ಹುಲಿಯ ಗಂಟಲಿಗೆ ಗಾಳಿ: ಶ್ರೀರಂಗಪಟ್ಟಣದ ಯಂತ್ರದ ಹುಲಿಯ ಪ್ರತಿಕೃತಿ, ಒಂದು ಪ್ರಕರಣ ಅಧ್ಯಯನ

ಮೈಸೂರಿನ ಒಂದು ಸಂಸ್ಥೆ ನವರಾತ್ರಿಯ ಬೊಂಬೆ ಪ್ರದರ್ಶನಕ್ಕೆಂದು ಟಿಪ್ಪು ಸುಲ್ತಾನನ ಯಂತ್ರದ ಹುಲಿಯ ಪ್ರತಿಕೃತಿ ಮಾಡಿಸಿತು. ನೋಡಿ ಹೋಗುವ ಬೊಂಬೆ ಅದಾಗಬಾರದು, ಹಿಡಿಕೆ ತಿರುಗಿಸಿದರೆ ಗರ್ಜಿಸಬೇಕು ಎಂಬುದು ಅವರ ಷರತ್ತು. ಒಪ್ಪಿಕೊಂಡವರು ಐದು ಜನ: ಉತ್ಸವದ ವಾಹನಗಳನ್ನು ಕೆತ್ತುವ ಬಡಗಿ, ಹಾರ್ಮೋನಿಯಂ ರಿಪೇರಿಯವರು, ಕಾರ್ಖಾನೆಯಿಂದ ನಿವೃತ್ತರಾದ ಟರ್ನರ್ (ಲೇತ್ ಯಂತ್ರದಲ್ಲಿ ಲೋಹ ಕಡೆಯುವವರು), ಮತ್ತು ಮಂಡ್ಯ ಕಡೆಯ ಇಬ್ಬರು ಇತಿಹಾಸ ಮೇಷ್ಟ್ರುಗಳು. ಕೈಯಲ್ಲಿದ್ದುದು ಐದು ತಿಂಗಳು. ಹೆಸರು, ವಿಳಾಸಗಳನ್ನು ಇಲ್ಲಿ ಬಿಟ್ಟಿದೆ. ಇಂಥ ಕೆಲಸಕ್ಕೆ ಕೈ ಹಾಕುವವರಿಗೆ ಬೇಕಾದ ಅಳತೆ, ತಪ್ಪು, ತಿದ್ದುಪಡಿಗಳನ್ನು ಬಿಟ್ಟಿಲ್ಲ.

ಮೂಲ ಹುಲಿ ಎಂಥದ್ದು

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಮಡಿದ. ಆಮೇಲೆ ಅರಮನೆಯ ವಸ್ತುಗಳು ಯುದ್ಧದ ಲೂಟಿಯಾಗಿ ಹಂಚಿಹೋದವು. ಸಿಂಹಾಸನವನ್ನೇ ಒಡೆದು ಹಂಚಿಕೊಂಡವರ ಕೈಗೆ ಹುಲಿ ಸಿಕ್ಕಿದ್ದು ವಾದ್ಯಗಳನ್ನಿಡುವ ಕೋಣೆಯಲ್ಲಿ. ಹುಲಿಯನ್ನು ಬೇಟೆಯ ಬೊಂಬೆ ಎಂದುಕೊಂಡು ಹೊರಟವರು ಈ ಮಾತನ್ನು ಸಾಮಾನ್ಯವಾಗಿ ಗಮನಿಸುವುದಿಲ್ಲ: ಅರಮನೆಯಲ್ಲಿ ಅದರ ಜಾಗ ವಾದ್ಯಗಳ ನಡುವೆ ಇತ್ತು. ಗವರ್ನರ್ ಜನರಲ್ ವೆಲ್ಲೆಸ್ಲಿ ಅದನ್ನು ಇಂಗ್ಲೆಂಡಿಗೆ ಕಳಿಸಿದ. 1808ರಲ್ಲಿ ಲಂಡನ್ನಿನ ಲೆಡನ್‌ಹಾಲ್ ಬೀದಿಯ ಈಸ್ಟ್ ಇಂಡಿಯಾ ಕಂಪನಿ ಕಚೇರಿಯಲ್ಲಿ, ಓದುವ ಕೊಠಡಿಯ ಒಂದು ಕಡೆ, ಅದು ಸಾರ್ವಜನಿಕರ ಕಣ್ಣಿಗೆ ಬಿತ್ತು. ಈಗ ಇರುವುದು ಅದೇ ನಗರದ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ.

ಹುಲಿಯ ಉದ್ದ ಸುಮಾರು ಒಂದೂಮುಕ್ಕಾಲು ಮೀಟರ್, ಎತ್ತರ 71 ಸೆಂ.ಮೀ., ಅಗಲ 61. ಅಂಗಾತ ಬಿದ್ದ ಐರೋಪ್ಯ ಉಡುಪಿನ ಮನುಷ್ಯನ ಮೇಲೆ ಹುಲಿ ಎರಗಿದೆ. ಹುಲಿಯ ಮೈ ಟೊಳ್ಳು, ಮರದ ದಪ್ಪ ಸುಮಾರು ಅರ್ಧ ಇಂಚು. ಮನುಷ್ಯನ ಮರ ಅದಕ್ಕಿಂತ ದಪ್ಪ. ಮರದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರು ಅದನ್ನು ಹಲಸಿನ ಜಾತಿಯದೆಂದು ಗುರುತಿಸಿದ್ದಾರೆ. ಪಕ್ಕೆಯಲ್ಲಿರುವ ಹಿಡಿಕೆಯನ್ನು ತಿರುಗಿಸಿದರೆ ಒಂದು ತಿದಿ ಮನುಷ್ಯನ ಗಂಟಲಿನ ಕೊಳವೆಗೆ ಗಾಳಿ ನೂಕುತ್ತದೆ, ಅವನು ನರಳುತ್ತಾನೆ. ಸನ್ನೆಕಡ್ಡಿಯೊಂದು ಅವನ ಎಡಗೈಯನ್ನು ಎತ್ತಿ ಇಳಿಸುತ್ತದೆ, ಅದರೊಂದಿಗೆ ನರಳಾಟದ ಸ್ವರ ಬದಲಾಗುತ್ತದೆ. ಹುಲಿಯ ತಲೆಯೊಳಗಿನ ಬೇರೊಂದು ವ್ಯವಸ್ಥೆ ಒಂದೇ ಕೊಳವೆಯಲ್ಲಿ ಎರಡು ಸ್ವರದ ಗುಟುರು ಹೊರಡಿಸುತ್ತದೆ. ಇವೆರಡರ ಜೊತೆಗೆ ಹೊಟ್ಟೆಯಲ್ಲಿ ಒಂದು ಪುಟ್ಟ ಆರ್ಗನ್, ಅಂದರೆ ಗುಂಡಿ ಒತ್ತಿ ಕೊಳವೆಗಳನ್ನು ನುಡಿಸುವ ವಾದ್ಯ, ಇದೆ: ಪಕ್ಕೆಯ ಬಾಗಿಲು ತೆರೆದರೆ ದಂತದ 18 ಗುಂಡಿಗಳು, ಒಳಗೆ ಎರಡು ಸಾಲು ಹಿತ್ತಾಳೆ ಕೊಳವೆಗಳು.

ಒಳಗಿನ ಯಂತ್ರದಲ್ಲಿ ಟಿಪ್ಪುವಿನ ಬಳಿಯಿದ್ದ ಫ್ರೆಂಚ್ ಕುಶಲಕರ್ಮಿಗಳ ಕೈ ಇರಬಹುದೆಂದು ಬಹಳ ಮಂದಿ ಇತಿಹಾಸಕಾರರು ಹೇಳುತ್ತಾರೆ. ಆದರೆ ಉಳಿದಿರುವ ಹಳೆಯ ಕೊಳವೆಗಳ ಲೋಹವನ್ನು ಪರೀಕ್ಷಿಸಿದಾಗ ತಯಾರಿಕೆ ಈ ಕಡೆಯದೆಂದೇ ಕಂಡಿದೆ. ಮೈಯ ಕೆತ್ತನೆಯೂ ದಕ್ಷಿಣದ ದೇವಾಲಯ ಶಿಲ್ಪದ ಜಾಡಿನದು. ಇಬ್ಬರು ಮೇಷ್ಟ್ರುಗಳೂ ಇದೇ ಕಾರಣಕ್ಕೆ ಫೈಬರ್ ಬೇಡವೆಂದು ಹಟ ಹಿಡಿದು ವಾಹನ ಕೆತ್ತುವ ಆಚಾರಿಯನ್ನು ಹುಡುಕಿದರು. ಮಹದೇಶ್ವರನ ಹುಲಿವಾಹನ ಕೆತ್ತಿ ಪಳಗಿದ ಕೈಗೆ ಟೊಳ್ಳು ಹುಲಿ ಹೊಸದಲ್ಲ.

ಯಾವ ಹುಲಿಯನ್ನು ಮಾಡುವುದು?

ಕೆಲಸ ಶುರುವಾಗುವ ಮುಂಚೆಯೇ ಈ ಪ್ರಶ್ನೆ ಎದುರಾಯಿತು. ಇಂದು ಲಂಡನ್ನಿನಲ್ಲಿರುವ ಹುಲಿ 1799ರ ಹುಲಿಯೇ ಅಲ್ಲ ಎನ್ನುವಷ್ಟು ಪೆಟ್ಟು ತಿಂದಿದೆ. ಓದುವ ಕೊಠಡಿಯಲ್ಲಿದ್ದಾಗ ಬಂದವರೆಲ್ಲ ಹಿಡಿಕೆ ತಿರುಗಿಸಿದರು. 1843ರ ವೇಳೆಗೆ ಅದು ಕೆಟ್ಟುಹೋಗುತ್ತಿದೆ, ನೋಡಬಂದವರಿಗೆ ನಿರಾಸೆಯಾಗುತ್ತಿದೆ ಎಂಬ ವರದಿ ಬಂತು. ಕಡೆಗೆ ಹಿಡಿಕೆಯೇ ಕಾಣೆಯಾಯಿತು, ಅಲ್ಲಿ ಕೂತು ಓದುತ್ತಿದ್ದವರು ನಿಟ್ಟುಸಿರು ಬಿಟ್ಟರು. ಬ್ರಿಟನ್ನಿನಲ್ಲಿ ಮಾಡಿದ ದುರಸ್ತಿಗಳಲ್ಲಿ ಹಲವು ಕೊಳವೆಗಳು ಬದಲಾದವು. ಎರಡನೇ ಮಹಾಯುದ್ಧದಲ್ಲಿ ಬಾಂಬು ಬಿದ್ದು ಚಾವಣಿ ಕುಸಿದಾಗ ಮರದ ಮೈ ನೂರಾರು ಚೂರಾಯಿತು. ಯುದ್ಧ ಮುಗಿದ ಮೇಲೆ ಅವನ್ನೆಲ್ಲ ಕೂಡಿಸಿ, ಒಳಗಿನಿಂದ ಆಧಾರ ಕೊಟ್ಟು ನಿಲ್ಲಿಸಿದರು.

ಹೀಗಾಗಿ ಇವತ್ತು ಕೇಳುವ ದನಿ ಟಿಪ್ಪು ಕೇಳಿದ ದನಿ ಎಂದು ಪ್ರಮಾಣ ಮಾಡಲಾಗದು. ತಂಡದ ತೀರ್ಮಾನ ಇದು: ಹೊರಮೈ ಮತ್ತು ಯಂತ್ರದ ತತ್ವ ಮೂಲದಂತೆ, ದನಿ ಮಾತ್ರ ತಮ್ಮ ಊಹೆ, ಮತ್ತು ಊಹೆ ಎಂದು ಫಲಕದಲ್ಲೇ ಬರೆಯುವುದು. ಪ್ರಕಟವಾದ ಚಿತ್ರ, ಅಳತೆ, ವಿವರಣೆಗಳ ಹೊರತು ಅವರ ಬಳಿ ಏನೂ ಇರಲಿಲ್ಲ, ಆದ್ದರಿಂದ ಈ ತೀರ್ಮಾನ ಸರಿಯಾದದ್ದೇ.

ಅಳತೆಯ ತಪ್ಪು

ಖರ್ಚು, ಜಾಗ ಎರಡನ್ನೂ ನೋಡಿ ಮೊದಲು ಅರ್ಧ ಅಳತೆಯ ಹುಲಿ ಎಂದುಕೊಂಡರು. ನಕಾಶೆ ಬರೆದು, ತಲೆಯೊಳಗೆ ಹಿಡಿಯುವಷ್ಟು ಉದ್ದದ ರಟ್ಟಿನ ಕೊಳವೆ ಮಾಡಿ ಊದಿ ನೋಡಿದಾಗ ಹುಲಿ ಕೊಕ್ಕರೆಯಂತೆ ಕೂಗಿತು. ಒಂದು ತುದಿ ಮುಚ್ಚಿದ ಕೊಳವೆಯ ಸ್ವರ ಅದರ ಉದ್ದದ ಮೇಲೆ ನಿಂತಿದೆ: ಗಾಳಿಯಲ್ಲಿ ಶಬ್ದದ ವೇಗವನ್ನು, ಅಂದರೆ ನಮ್ಮ ಹವೆಯಲ್ಲಿ ಸೆಕೆಂಡಿಗೆ ಸುಮಾರು 347 ಮೀಟರನ್ನು, ಉದ್ದದ ನಾಲ್ಕರಷ್ಟರಿಂದ ಭಾಗಿಸಬೇಕು. 60 ಸೆಂ.ಮೀ. ಕೊಳವೆಗೆ ಸುಮಾರು 145 ಹರ್ಟ್ಸ್ ಬರುತ್ತದೆ, ತಗ್ಗಿದ ಗಂಡು ದನಿಯಷ್ಟು. ಅದನ್ನು 30ಕ್ಕೆ ಇಳಿಸಿದರೆ ಒಂದು ಸ್ಥಾಯಿ ಪೂರ್ತಿ ಮೇಲೆ. ಮರವನ್ನು ಅರ್ಧಕ್ಕೆ ಇಳಿಸಬಹುದು, ದನಿಯನ್ನು ಇಳಿಸಿದರೆ ಪ್ರಾಣಿಯೇ ಬದಲಾಗುತ್ತದೆ. ಪೂರ್ಣ ಅಳತೆಗೇ ಹೋದರು. ಗರ್ಜನೆಯ ಮರದ ಕೊಳವೆಯನ್ನು 30 ಸೆಂ.ಮೀ.ಗೆ ಒಮ್ಮೆ ಮಡಚಿ ತಲೆ ಮತ್ತು ಕತ್ತಿನೊಳಗೆ ಕೂರಿಸಿದರು. ಎರಡನೇ ಸ್ವರಕ್ಕೆ ಕೊಳವೆಯ ಪಕ್ಕದಲ್ಲಿ ಒಂದು ತೂತು, ಅದರ ಮೇಲೆ ಚರ್ಮದ ಮುಚ್ಚಳ.

ಹಲಸಿನ ಮರ ಸಿಗುವುದು ಕಷ್ಟವಾಗಲಿಲ್ಲ, ಒಣಗಿದ್ದು ಸಿಗುವುದು ಕಷ್ಟವಾಯಿತು. ಹಸಿ ಕೊರಡಿನಲ್ಲಿ ಕೆತ್ತಿದ ಮೊದಲ ತಲೆ ಏಪ್ರಿಲ್ ಬಿಸಿಲಿಗೆ ಕಿವಿಯ ಬುಡದಿಂದ ದವಡೆಯವರೆಗೆ ಸೀಳಿತು. ಎರಡನೆಯದಕ್ಕೆ ಹಳೆ ಮನೆಯ ತೊಲೆ ತಂದರು. ವಾಹನ ಮಾಡುವವರ ಕ್ರಮದಂತೆ ಅದನ್ನು ಮೊದಲೇ ಉದ್ದುದ್ದ ಸೀಳಿ, ಎರಡು ಹೋಳನ್ನೂ ಒಳಗಿನಿಂದ 13 ಮಿ.ಮೀ. ದಪ್ಪಕ್ಕೆ ಕೆತ್ತಿ, ಬಿದಿರಿನ ಗೂಟ ಕೊಟ್ಟು ಕೂಡಿಸಿದರು. ದಪ್ಪ ಎಲ್ಲೆಡೆ ಒಂದೇ ಇದ್ದರೆ ಮರ ಒಂದೇ ಸಮ ಒಣಗುತ್ತದೆ. ದಪ್ಪ ತೆಳು ಕೂಡುವ ಗೆರೆಯಲ್ಲೇ ಸೀಳು ಹುಟ್ಟುವುದು. ಮೂಲ ಹುಲಿಯ ಬೆನ್ನಿನ ಭಾಗ ನಾಲ್ಕು ಸ್ಕ್ರೂ ಬಿಚ್ಚಿದರೆ ಎತ್ತಿ ತೆಗೆಯುವಂತಿದೆ, ಇಲ್ಲೂ ಹಾಗೇ ಮಾಡಿದರು. ಮುಂದಿನ ಎರಡು ತಿಂಗಳಲ್ಲಿ ಆ ಮುಚ್ಚಳವನ್ನು ಎಷ್ಟು ಸಲ ತೆಗೆಯಬೇಕಾಯಿತೋ ಲೆಕ್ಕವಿಲ್ಲ.

ಒಂದು ತಿದಿ, ಮೂರು ಬಾಯಿ

ನಿಜವಾದ ತೊಡಕು ಶುರುವಾದದ್ದು ಗಾಳಿಯಲ್ಲಿ. ಹಾರ್ಮೋನಿಯಂನ ಅನುಭವದ ಮೇಲೆ ಒಂದೇ ದೊಡ್ಡ ತಿದಿಯಿಟ್ಟು ಅದರಿಂದಲೇ ಮನುಷ್ಯ, ಹುಲಿ, ಗುಂಡಿಗಳು ಮೂರಕ್ಕೂ ಗಾಳಿ ಹಂಚಿದರು. ಒತ್ತಡ ಅಳೆಯಲು ಗಾರೆಯವರು ಮಟ್ಟ ನೋಡುವ ಪಾರದರ್ಶಕ ಪೈಪನ್ನು ಇಂಗ್ಲಿಷಿನ ಯು ಅಕ್ಷರದಂತೆ ಬಾಗಿಸಿ, ಕುಂಕುಮದ ನೀರು ತುಂಬಿ, ಒಂದು ತುದಿಯನ್ನು ಗಾಳಿಪೆಟ್ಟಿಗೆಗೆ ಸಿಕ್ಕಿಸಿದರು. ಎರಡು ಕಡೆಯ ನೀರಿನ ಮಟ್ಟದ ಅಂತರವೇ ಒತ್ತಡ. ಏನೂ ನುಡಿಯದಿದ್ದಾಗ 60 ಮಿ.ಮೀ. ಇತ್ತು. ಮನುಷ್ಯ ನರಳಿದಾಗ 45 ಆಯಿತು. ಅದೇ ಹೊತ್ತಿಗೆ ಹುಲಿ ಬಾಯಿ ತೆರೆದರೆ 25ಕ್ಕೆ ಕುಸಿದು, ಎರಡೂ ಕೊಳವೆಗಳು ನುಡಿಯದೆ ಬರೀ ಬುಸುಗುಟ್ಟಿದವು. ಹಾರ್ಮೋನಿಯಂನ ನಾಲಗೆ (ರೀಡ್) ಒತ್ತಡದ ಏರಿಳಿತವನ್ನು ತಕ್ಕಮಟ್ಟಿಗೆ ತಡೆದುಕೊಳ್ಳುತ್ತದೆ, ಅದರಿಂದ ದನಿ ಸಣ್ಣದಾದರೂ ಶ್ರುತಿ ಹೆಚ್ಚು ಕದಲುವುದಿಲ್ಲ. ಕೊಳಲಿನ ಜಾತಿಯ ಕೊಳವೆ ಹಾಗಲ್ಲ, ಒತ್ತಡ ಬಿದ್ದರೆ ಶ್ರುತಿಯೂ ಬೀಳುತ್ತದೆ, ಇನ್ನೂ ಬಿದ್ದರೆ ಮೌನ.

ಈ ಹಂತದಲ್ಲಿ ರಿಪೇರಿಯವರೇ ಒಂದು ಸುಲಭ ದಾರಿ ಮುಂದಿಟ್ಟರು: ಕೊಳವೆ ಬಿಟ್ಟು ಹಾರ್ಮೋನಿಯಂ ನಾಲಗೆಗಳನ್ನೇ ಹಾಕೋಣ, ವಾರದಲ್ಲಿ ಮುಗಿಯುತ್ತದೆ. ಮೇಷ್ಟ್ರುಗಳು ಒಪ್ಪಲಿಲ್ಲ. ಹಾರ್ಮೋನಿಯಂ ಪ್ಯಾರಿಸ್ಸಿನಲ್ಲಿ ರೂಪ ಪಡೆದದ್ದೇ 1840ರ ಆಸುಪಾಸಿನಲ್ಲಿ, ಶ್ರೀರಂಗಪಟ್ಟಣ ಬಿದ್ದು ನಾಲ್ಕು ದಶಕ ಕಳೆದ ಮೇಲೆ. ಆ ದನಿಯನ್ನು ಹುಲಿಯ ಬಾಯಲ್ಲಿ ಕೂರಿಸಿದರೆ ನೋಡುವ ಮಗು ಸುಳ್ಳನ್ನು ಕಿವಿಯಲ್ಲಿ ಹೊತ್ತು ಮನೆಗೆ ಹೋಗುತ್ತದೆ. ಇಡೀ ಕೆಲಸದ ಅತಿ ಮುಖ್ಯ ತಿರುವು ಇದು. ಮೂರು ವಾರ ಹೆಚ್ಚು ತಗುಲಿದರೂ ಕೊಳವೆಯೇ ಉಳಿಯಿತು.

ಹೊಸ ವ್ಯವಸ್ಥೆಯಲ್ಲಿ ತಿದಿಗಳನ್ನು ಬೇರೆ ಮಾಡಿದರು. ಮನುಷ್ಯನಿಗೆ 20×12 ಸೆಂ.ಮೀ. ಹಲಗೆಯ, ಒಂದು ತುದಿ ಕೂಡಿಕೊಂಡೇ ಇದ್ದು ಇನ್ನೊಂದು ತುದಿ 8 ಸೆಂ.ಮೀ. ಬಾಯಿ ತೆರೆಯುವ ಬೀಸಣಿಗೆ ತಿದಿ. ಒಂದು ಉಸಿರಿಗೆ ಹತ್ತಿರ ಹತ್ತಿರ ಒಂದು ಲೀಟರ್ ಗಾಳಿ, ಹಿಡಿಕೆಯ ಒಂದು ಸುತ್ತಿಗೆ ಒಂದು ಉಸಿರು. ಹುಲಿಗೆ 30×20 ಹಲಗೆ, 12 ಸೆಂ.ಮೀ. ತೆರವು, ಸುಮಾರು 3.6 ಲೀಟರ್. ಈ ತಿದಿಯನ್ನು ಹಿಡಿಕೆ ನೇರವಾಗಿ ಒತ್ತುವುದಿಲ್ಲ. ಹಿಡಿಕೆಯ ದಂಡದ ಮೇಲಿನ ವರ್ಮ್ (ಸ್ಕ್ರೂವಿನಂಥ ಸುರುಳಿ ಹಲ್ಲು) 24 ಹಲ್ಲಿನ ಚಕ್ರವನ್ನು ನಿಧಾನವಾಗಿ ತಿರುಗಿಸುತ್ತದೆ, ಚಕ್ರದ ಜೊತೆಗಿರುವ ಬಸವನಹುಳುವಿನ ಚಿಪ್ಪಿನಂಥ ಕ್ಯಾಮ್ ತಿದಿಯ ಮೇಲ್ಹಲಗೆಯನ್ನು ಮೆಲ್ಲನೆ ಎತ್ತಿ ತಟ್ಟನೆ ಬಿಡುತ್ತದೆ. ಬಿಟ್ಟ ಮೇಲೆ ಹಲಗೆ ತನ್ನ ತೂಕಕ್ಕೆ ಇಳಿಯುತ್ತ ಎರಡು ಮೂರು ಸೆಕೆಂಡು ಗಾಳಿ ನೂಕುತ್ತದೆ. ಮೂಲದಲ್ಲೂ ವರ್ಮ್ ಗೇರ್ ಇದೆ, ಆದರೆ ಹಲ್ಲಿನ ಲೆಕ್ಕ ತಂಡದ್ದು. ಕ್ಯಾಮಿನಲ್ಲಿ ಎರಡು ಮೆಟ್ಟಿಲು ಇದ್ದುದರಿಂದ 12 ಸುತ್ತಿಗೊಂದು ಗರ್ಜನೆ. ನಿಮಿಷಕ್ಕೆ 40 ಸುತ್ತು ತಿರುಗಿಸಿದರೆ 18 ಸೆಕೆಂಡಿಗೊಮ್ಮೆ. ಮನುಷ್ಯ ಬಿಡದೆ ನರಳುತ್ತಿರಲು ಹುಲಿ ಆಗೊಮ್ಮೆ ಈಗೊಮ್ಮೆ ಗುಟುರು ಹಾಕುವುದರಲ್ಲೇ ಭಯವಿದೆ.

ತೂಕದ ಲೆಕ್ಕ ಸುಲಭ. ಹಲಗೆ 600 ಚದರ ಸೆಂ.ಮೀ., ಬೇಕಾದ ಒತ್ತಡ 6 ಸೆಂ.ಮೀ. ನೀರು, ಅಂದರೆ ಚದರ ಸೆಂ.ಮೀ.ಗೆ 6 ಗ್ರಾಂ. ಹಲಗೆಯ ನಡುಮಧ್ಯೆ 3.6 ಕೆ.ಜಿ. ಇಟ್ಟರೆ ಆಯಿತು. ಹಲಗೆಯ ಸ್ವಂತ ತೂಕ ಕಳೆದು ಉಳಿದದ್ದಕ್ಕೆ ಸೀಸದ ಬಿಲ್ಲೆಗಳನ್ನು ಕೂರಿಸಿದರು.

ಚರ್ಮದ ವಿಷಯದಲ್ಲಿ ಎಲ್ಲರೂ ಒಮ್ಮೆ ತಪ್ಪುತ್ತಾರೆ, ಇವರೂ ತಪ್ಪಿದರು. ಕುರಿಯ ತೆಳು ಚರ್ಮವನ್ನು ಅಂಗಡಿಯ ಬಿಳಿ ಅಂಟಿನಲ್ಲಿ ಅಂಟಿಸಿದಾಗ ಅಂಟು ಚರ್ಮದೊಳಗೆ ಇಳಿದು ಮಡಿಕೆಗಳು ಕಡ್ಡಿಯಾದವು, ವಾರದಲ್ಲಿ ಮೂಲೆಗಳು ಬಿರಿದವು. ಬಿಚ್ಚಿ, ಮರವಜ್ರವನ್ನು (ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡುವ ಬಡಗಿಯ ಅಂಟು) ನೀರಿನ ಪಾತ್ರೆಯೊಳಗಿಟ್ಟು ಕರಗಿಸಿ, ಮರಕ್ಕೆ ಮಾತ್ರ ಹಚ್ಚಿ, ಚರ್ಮವನ್ನು ಒಣಗಿದ್ದಂತೆಯೇ ಒತ್ತಿದರು. ಮರವಜ್ರದ ಇನ್ನೊಂದು ಗುಣ, ಮುಂದೆ ದುರಸ್ತಿ ಬಂದರೆ ಬಿಸಿನೀರಿನ ಬಟ್ಟೆಗೆ ಬಿಟ್ಟುಕೊಳ್ಳುತ್ತದೆ. ಪರೀಕ್ಷೆ ಹೀಗೆ: ತಿದಿ ತುಂಬಿ, ಹೊರದಾರಿ ಮುಚ್ಚಿ, ತೂಕ ಇಟ್ಟು ಎಣಿಸುವುದು. ಮೊದಲ ತಿದಿ 6 ಸೆಕೆಂಡಿಗೆ ಕೂತುಬಿಟ್ಟಿತು, ಎರಡನೆಯದು ಅರ್ಧ ನಿಮಿಷ ನಿಂತಿತು. ಸೋರಿಕೆ ಹುಡುಕಲು ಊದುಬತ್ತಿ ಸಾಕು. ಹೊಗೆ ಎಲ್ಲಿ ಬಾಗುತ್ತದೋ ಅಲ್ಲಿ ತೂತು.

ಕೈ ಮತ್ತು ಪಟ್ಟೆ

ಮನುಷ್ಯನ ಕೈ ಬಾಯಿಯ ಕೊಳವೆಗೆ ಹತ್ತಿರ ಬಂದಂತೆ ಸ್ವರ ತಗ್ಗುತ್ತದೆ, ದೂರ ಸರಿದಂತೆ ಏರುತ್ತದೆ. 5 ಮಿ.ಮೀ.ಗಿಂತ ಹತ್ತಿರವಾದರೆ ಕೊಳವೆ ಉಸಿರುಕಟ್ಟಿ ಸುಮ್ಮನಾಗುತ್ತದೆ. 10ರಿಂದ 25 ಮಿ.ಮೀ. ನಡುವೆ ಆಡಿಸಿದರು. ಮೊದಲು ಕೈಯ ಕಡ್ಡಿಯನ್ನೂ ತಿದಿಯ ಕಡ್ಡಿಯನ್ನೂ ಕ್ರ್ಯಾಂಕಿನ ಒಂದೇ ಗೂಟಕ್ಕೆ ಕಟ್ಟಿದ್ದರಿಂದ ಉಸಿರು ಪೂರ್ತಿ ಸ್ವರ ಏರುತ್ತಲೇ ಹೋಗಿ ಸೈರನ್ನಿನಂತೆ ಕೇಳಿತು. ಟರ್ನರ್ ಎರಡನೇ ಗೂಟವನ್ನು 90 ಡಿಗ್ರಿ ಆಚೆಗೆ ನೆಟ್ಟರು. ಆಗ ಕೈ ಉಸಿರಿನ ನಡುವಿನಲ್ಲಿ ತುದಿ ಮುಟ್ಟಿ ವಾಪಸಾಯಿತು, ಸ್ವರ ಏರಿ ಇಳಿಯಿತು. ಅದೊಂದು ಗೂಟದ ಜಾಗ ಬದಲಾದದ್ದಕ್ಕೆ ಕೋಣೆಯಲ್ಲಿದ್ದವರು ಮಾತು ನಿಲ್ಲಿಸಿದರು.

ಬೆನ್ನಿನ ಮುಚ್ಚಳ ಹಾಕಿದ ಕೂಡಲೇ ದನಿಯೆಲ್ಲ ಕಂಬಳಿ ಹೊದ್ದಂತಾಯಿತು. ಒತ್ತಡ ಹೆಚ್ಚಿಸಿ ನೋಡಿದರು, ಕೊಳವೆ ಅರಚಿತೇ ಹೊರತು ದನಿ ಹೊರಬರಲಿಲ್ಲ. ಉತ್ತರ ಮೂಲದ ಚಿತ್ರದಲ್ಲೇ ಇತ್ತು. ಲಂಡನ್ನಿನ ಹುಲಿಯ ತಲೆಯ ಕಡೆ, ಬಣ್ಣದ ಪಟ್ಟೆಗಳ ಒಳಗೆ ಅದೇ ಆಕಾರದ ಸೀಳುಗಳನ್ನು ಕೊರೆದಿದ್ದಾರೆ. ದೂರದಿಂದ ಪಟ್ಟೆ, ಹತ್ತಿರದಿಂದ ಕಿಂಡಿ. ಅಲಂಕಾರದಲ್ಲೇ ದನಿಗೆ ದಾರಿ ಬಿಟ್ಟ ಆ ಅನಾಮಿಕ ಆಚಾರಿಯ ಬುದ್ಧಿಗೆ ಕೈ ಮುಗಿಯಬೇಕು. ಇಲ್ಲಿಯೂ ಕತ್ತು, ತಲೆಗಳಲ್ಲಿ 22 ಸೀಳು ಕೊರೆದ ಮೇಲೆ ಗರ್ಜನೆ ಪಡಸಾಲೆ ದಾಟಿ ಬೀದಿಗೆ ಕೇಳಿತು.

ಗುಂಡಿಗಳ ಆರ್ಗನ್ನಿಗೆ ಸಮಯ ಉಳಿಯಲಿಲ್ಲ. 8 ಕೊಳವೆ ನುಡಿದವು, ಉಳಿದ 10 ಗುಂಡಿಗಳು ಬರೀ ಆಕಾರ. ಫಲಕದಲ್ಲಿ ಹಾಗೆಂದೇ ಬರೆದರು.

ಫಲಕದ ಮಾತು

ಮೊದಲ ಫಲಕದ ಕರಡಿನಲ್ಲಿ ಈ ಹುಲಿ ಜನರಲ್ ಮನ್ರೋನ ಮಗನ ಸಾವಿನ ನೆನಪು ಎಂದಿತ್ತು. ಸರ್ ಹೆಕ್ಟರ್ ಮನ್ರೋ ಹೈದರಾಲಿಯ ವಿರುದ್ಧ ಕಾದಿದವನು. ಅವನ ಮಗ 1792ರ ಡಿಸೆಂಬರಿನಲ್ಲಿ ಬಂಗಾಳದ ಸಾಗರ ದ್ವೀಪದಲ್ಲಿ ಹುಲಿಯ ಬಾಯಿಗೆ ಸಿಕ್ಕಿದ್ದು ನಿಜ. ಆದರೆ ಟಿಪ್ಪುವಿಗಾಗಿ 1787-88ರಲ್ಲಿ ಮಾಡಿದ ಬಂದೂಕಿನ ಬೆಳ್ಳಿ ಕಟ್ಟಿನಲ್ಲಿ ಇಂಥದ್ದೇ ದೃಶ್ಯವಿದೆ. ಚಿತ್ರ ಘಟನೆಗಿಂತ ಹಳೆಯದು. ಹುಲಿಪಟ್ಟೆ ಟಿಪ್ಪುವಿನ ಲಾಂಛನವೇ ಆಗಿತ್ತು, ಆ ಚಿತ್ರಕ್ಕೆ ಬಂಗಾಳದ ಸುದ್ದಿ ಬೇಕಿರಲಿಲ್ಲ. ಸಾಲನ್ನು ಕಿತ್ತು ಎರಡೂ ದಿನಾಂಕಗಳನ್ನು ಅಕ್ಕಪಕ್ಕ ಬರೆದರು. ನಮ್ಮ ಕಡೆ ಮನ್ರೋ ಎಂದರೆ ಮದರಾಸಿನ ಗವರ್ನರಾದ ಥಾಮಸ್ ಮನ್ರೋ ನೆನಪಾಗುವುದರಿಂದ ಅವನು ಬೇರೆ ಎಂಬುದನ್ನೂ ಸೇರಿಸಬೇಕಾಯಿತು.

ಮೂರನೇ ದಿನ

ಪ್ರದರ್ಶನದ ಮೊದಲ ದಿನವೇ ಮಕ್ಕಳು ಹಿಡಿಕೆಯನ್ನು ರಾಟೆಯಂತೆ ಬೀಸಿದರು. ಒತ್ತಡ ಏರಿ ಮನುಷ್ಯನ ಕೊಳವೆ ತನ್ನ ಸ್ವರ ಬಿಟ್ಟು ಮೇಲಿನ ಸ್ಥಾಯಿಯ ಪಂಚಮಕ್ಕೆ ಜಿಗಿದು ಸಿಳ್ಳೆಯಾಯಿತು. ಮುಚ್ಚಿದ ಕೊಳವೆ ಮೂರರಷ್ಟು ಕಂಪನಕ್ಕೆ ಹಾರುವುದು ಅದರ ಸ್ವಭಾವ. 70 ಮಿ.ಮೀ. ದಾಟಿದರೆ ತೆರೆಯುವ, ತೂಕ ಕಟ್ಟಿದ ಸಣ್ಣ ಕವಾಟ ಹಾಕಿದ ಮೇಲೆ ಸರಿಹೋಯಿತು.

ಮೂರನೇ ದಿನ ಯಾರೋ ಹಿಂದಕ್ಕೆ ತಿರುಗಿಸಿದರು. ಕ್ಯಾಮಿನ ಕಡಿದಾದ ಮುಖ ತಿದಿಯ ಉರುಳೆಗೆ ಅಡ್ಡ ಸಿಕ್ಕಿತು. 15 ಸೆಂ.ಮೀ. ಹಿಡಿಕೆಯ ಮೇಲೆ 3 ಕೆ.ಜಿ. ಬಲ ಬಿದ್ದರೂ ವರ್ಮ್ ಅದನ್ನು 24 ಪಟ್ಟು ಮಾಡುತ್ತದೆ. ಘರ್ಷಣೆಗೆ ಅರ್ಧಕ್ಕಿಂತ ಹೆಚ್ಚು ಹೋದರೂ ಕ್ಯಾಮಿನ ಅಂಚಿನಲ್ಲಿ 60 ಕೆ.ಜಿ. ಉಳಿಯುತ್ತದೆ. ತಿರುಗಿಸುವವರ ಕೈಗೆ ಅದು ಗೊತ್ತೇ ಆಗುವುದಿಲ್ಲ. ಉರುಳೆಯ ಹಿತ್ತಾಳೆ ತೋಳು ಬಾಗಿ ಚಕ್ರದ ಎರಡು ಹಲ್ಲು ಹಾರಿದವು. ಲೆಡನ್‌ಹಾಲ್ ಬೀದಿಯಲ್ಲಿ ವರ್ಷಾನುಗಟ್ಟಲೆ ಆದದ್ದು ಇಲ್ಲಿ ಮೂರು ದಿನಕ್ಕೆ ಆಯಿತು.

ಸಂಘಟಕರು ಹಿಡಿಕೆ ತೆಗೆದು ಹಗ್ಗ ಕಟ್ಟೋಣ ಎಂದರು. ಟರ್ನರ್ ಒಂದು ರಾತ್ರಿ ಕೇಳಿ, ಸೈಕಲ್ಲಿನ ಫ್ರೀವೀಲ್ ತಂದು ಹಿಡಿಕೆಯನ್ನು ಅದರ ಹಲ್ಲಿನ ಬಳೆಗೂ ದಂಡವನ್ನು ಗುಂಬಕ್ಕೂ ಜೋಡಿಸಿದರು. ಮುಂದಕ್ಕೆ ತಿರುಗಿಸಿದರೆ ಯಂತ್ರ ಓಡುತ್ತದೆ, ಹಿಂದಕ್ಕೆ ತಿರುಗಿಸಿದರೆ ಕಟಕಟ ಎಂದು ಹಿಡಿಕೆಯೊಂದೇ ಸುತ್ತುತ್ತದೆ. ಅದರ ಜೊತೆಗೆ ಹಿಡಿಕೆ ದಂಡಕ್ಕೆ ಬಲ ಕೊಡುವ ಜಾಗದಲ್ಲಿ ಉಕ್ಕಿನ ಪಿನ್ನು ಕಿತ್ತು 4 ಮಿ.ಮೀ. ಬಿದಿರಿನ ಕಡ್ಡಿ ಹಾಕಿದರು. ಒಳಗೆ ಎಲ್ಲೇ ಸಿಕ್ಕಿಕೊಂಡರೂ ಮೊದಲು ಮುರಿಯುವುದು ಅದು. ಎರಡು ನಿಮಿಷದಲ್ಲಿ ಬದಲಿಸಬಹುದು. ಉಳಿದ ದಿನಗಳಲ್ಲಿ ಐದು ಕಡ್ಡಿ ಮುರಿದವು, ಹಲ್ಲು ಒಂದೂ ಹೋಗಲಿಲ್ಲ.

ಈ ಎರಡನ್ನೂ ಮೊದಲ ದಿನದಿಂದಲೇ ಹಾಕಿರಬೇಕಿತ್ತು. ಸಾರ್ವಜನಿಕರ ಕೈಗೆ ಕೊಡುವ ಯಾವುದೇ ಯಂತ್ರದಲ್ಲಿ ಮುರಿಯಬೇಕಾದ ಭಾಗವನ್ನು ಮಾಡುವವರೇ ಮೊದಲು ಆರಿಸಿಡಬೇಕು, ಇಲ್ಲವಾದರೆ ಯಂತ್ರವೇ ಆರಿಸಿಕೊಳ್ಳುತ್ತದೆ, ಅದೂ ಅತಿ ದುಬಾರಿಯಾದದ್ದನ್ನು. ಅಳತೆಗೂ ಮುಂಚೆ ಗಾಳಿಯ ಲೆಕ್ಕ ಮಾಡಿದ್ದರೆ ಒಂದು ತಿಂಗಳು ಉಳಿಯುತ್ತಿತ್ತು.

ಪ್ರದರ್ಶನದ ನಂತರ ಹುಲಿ ಶ್ರೀರಂಗಪಟ್ಟಣ ತಾಲ್ಲೂಕಿನ ಒಂದು ಶಾಲೆಗೆ ಹೋಯಿತು. ಬೆನ್ನಿನ ಮುಚ್ಚಳದ ಒಳಮುಖಕ್ಕೆ ಒಂದು ಚರ್ಮದ ಚೀಲ ಹೊಡೆದು ಅದರಲ್ಲಿ ನೂರು ಪುಟದ ನೋಟ್‌ಬುಕ್ ಇಟ್ಟಿದ್ದಾರೆ. ಯಾವ ದಿನ ಏನು ಬಿಚ್ಚಿದರು, ಏನು ಬದಲಿಸಿದರು, ತೆಗೆದ ಭಾಗ ಎಲ್ಲಿದೆ ಎಂದು ಬರೆಯದೆ ನಾಲ್ಕನೇ ಸ್ಕ್ರೂ ಬಿಗಿಯುವಂತಿಲ್ಲ ಎಂಬುದು ಕಟ್ಟಳೆ. ಲಂಡನ್ನಿನ ಹುಲಿಗೆ ಇಂಥದ್ದೊಂದು ಪುಸ್ತಕ ಮೊದಲಿನಿಂದ ಇದ್ದಿದ್ದರೆ ಅದರ ಹಳೆಯ ದನಿ ಇಂದು ಊಹೆಯಾಗಿ ಉಳಿಯುತ್ತಿರಲಿಲ್ಲ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಟರ್ನರ್ ಕೈಬರಹವಿದೆ, ಈಚಿನ ಪುಟದಲ್ಲಿ ಎಂಟನೇ ತರಗತಿಯ ಕೈಬರಹ: ಬಿದಿರು ಕಡ್ಡಿ ಮುರಿಯಿತು, ಹೊಸದು ಹಾಕಿದೆವು, ಮುರಿದದ್ದು ಚೀಲದಲ್ಲೇ ಇದೆ.